ಹಳೇ ಕಮಾಂಡರ್‌ಗೆ ಮುಂದಿನ ಗ್ಲಾಸ್: ಗುಜರಿಯದ್ದೋ, ಹೊಸದಾಗಿ ಕತ್ತರಿಸಿದ್ದೋ?

ನಮ್ಮ ಮನೆಯ ಮಹೀಂದ್ರಾ ಕಮಾಂಡರ್ ಜೀಪು 1996ರದ್ದು. ಆಳಂದ ರಸ್ತೆಯ ಹೊಲಕ್ಕೆ ಬೀಜ, ಗೊಬ್ಬರ, ಆಳುಗಳು ಎಲ್ಲಾ ಅದರಲ್ಲೇ ಹೋಗೋದು. ಸೇಡಂ ರಸ್ತೆಯಲ್ಲಿ ಮುಂದಿದ್ದ ಲಾರಿಯಿಂದ ಜಲ್ಲಿ ಸಿಡಿದು ಗ್ಲಾಸ್ ಒಡೆಯಿತು. ಆಮೇಲೆ ಎರಡು ವರ್ಷದಲ್ಲಿ ಎರಡು ಸಲ ನಾನೇ ಗ್ಲಾಸ್ ಬದಲಿಸಿದೆ. ಮೊದಲ ಸಲ ಗುಜರಿ ಗ್ಲಾಸ್, ಹಳೇ ರಬ್ಬರ್. ಎರಡನೇ ಸಲ ಹೊಸ ಗ್ಲಾಸ್, ಹೊಸ ರಬ್ಬರ್.

ಈ ಜೀಪಿನ ಗ್ಲಾಸ್ ಸಪಾಟು, ಬಾಗು ಇಲ್ಲ. ಅದನ್ನು ಹಿಡಿದಿರೋದು ಬರೀ ರಬ್ಬರ್ ಬೀಡಿಂಗ್, ಅಂಟಲ್ಲ. ರಬ್ಬರ್‌ನ ಒಂದು ಸಂದಿಯಲ್ಲಿ ಗ್ಲಾಸ್, ಇನ್ನೊಂದು ಸಂದಿಯಲ್ಲಿ ಫ್ರೇಮಿನ ಪತ್ರಾ. ಅದಕ್ಕೇ ಮನೆಯಲ್ಲೇ ಮಾಡಬಹುದಾದ ಕೆಲಸ ಇದು.

ಮೊದಲ ಸಲ ಗುಜರಿಯಲ್ಲಿ ಅದೇ ಅಳತೆಯ ಗ್ಲಾಸ್ ಸಿಕ್ಕಿತು. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ನೋಡಲು ಚೆನ್ನಾಗಿತ್ತು, ವೈಪರ್ ತಿಕ್ಕಿದ ಗೆರೆ ಮಾತ್ರ ಇದ್ದವು. ಅಂಚನ್ನು ನಾನು ಸರಿಯಾಗಿ ನೋಡಲಿಲ್ಲ. ಬಲಗಡೆ ಕೆಳಮೂಲೆಯಲ್ಲಿ ಜೋಳದ ಕಾಳಿನಷ್ಟು ಚೂರು ಹಾರಿತ್ತು. ರಬ್ಬರ್ ಒಳಗೆ ಹೋದ ಮೇಲೆ ಅದು ಕಾಣಲೇ ಇಲ್ಲ. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 43 ಡಿಗ್ರಿ. ಹಗಲೆಲ್ಲಾ ಬಯಲಲ್ಲಿ ನಿಂತ ಜೀಪಿಗೆ ಸಂಜೆ ತಣ್ಣೀರು ಹಾಕಿ ತೊಳೆದೆ. ಅದೇ ಮೂಲೆಯಿಂದ ಬಿರುಕು ಎದ್ದು ನಡುವಿನವರೆಗೆ ಓಡಿತು. ಎರಡು ತಿಂಗಳೂ ಬಾಳಲಿಲ್ಲ.

ಎರಡನೇ ಸಲ ಲಾರಿ, ಜೀಪಿನ ಗ್ಲಾಸ್ ಹಾಕುವ ಅಂಗಡಿಗೆ ಹೋದೆ. ಒಡೆದ ಗ್ಲಾಸನ್ನೇ ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು, ಆ ಅಚ್ಚು ಒಯ್ದಿದ್ದೆ. ಲ್ಯಾಮಿನೇಟೆಡ್ ಗ್ಲಾಸ್ ಒಡೆದರೂ ಆಕಾರ ಬಿಡೋದಿಲ್ಲ. ಎರಡು ಗಾಜಿನ ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಚೂರುಗಳು ಅದಕ್ಕೇ ಕಚ್ಚಿಕೊಂಡಿರುತ್ತವೆ. ಅದನ್ನು ಕತ್ತರಿಸೋದನ್ನು ಅವತ್ತೇ ಮೊದಲು ನೋಡಿದೆ. ಎರಡೂ ಮುಖಕ್ಕೆ ಗೆರೆ ಎಳೆದರು. ಮೆಲ್ಲಗೆ ಬಗ್ಗಿಸಿ ಎರಡೂ ಗಾಜು ಟಕ್ ಅನ್ನಿಸಿದರು. ಆದರೂ ತುಂಡು ಬೇರೆ ಆಗಲಿಲ್ಲ, ಒಳಗಿನ ಹಾಳೆ ಹಿಡಿದಿತ್ತಲ್ಲ. ಗೆರೆಯುದ್ದಕ್ಕೂ ಸ್ಪಿರಿಟ್ ಸುರಿದು ಕಡ್ಡಿ ಗೀರಿದರು. ನೀಲಿ ಉರಿ ಸರ್ರನೆ ಓಡಿತು. ಹಾಳೆ ಮೆತ್ತಗಾದ ಕೂಡಲೇ ಸಂದಿಯಲ್ಲಿ ಬ್ಲೇಡ್ ಹಾಕಿ ಕೊಯ್ದರು. ಆಮೇಲೆ ಅಂಚನ್ನೆಲ್ಲಾ ಕಲ್ಲಿನಿಂದ ಉಜ್ಜಿ ನಯ ಮಾಡಿಕೊಟ್ಟರು. ಗುಜರಿ ಗ್ಲಾಸಿನಲ್ಲಿ ಸಿಗದಿದ್ದದ್ದು ಇದೇ, ಚೊಕ್ಕ ಅಂಚು.

ಇಲ್ಲಿ ಒಂದು ಎಚ್ಚರಿಕೆ. ಮನೆ ಕಿಟಕಿಯ ಗ್ಲಾಸ್ ಅಂಗಡಿಯಲ್ಲಿ ಕತ್ತರಿಸಿಕೊಂಡು ಬರಬೇಡಿ. ಗಾಡಿ ಗ್ಲಾಸಿಗೆ ಐಎಸ್ 2553ರ ಎರಡನೇ ಭಾಗ ಅಂತ ಬೇರೆ ಮಾನದಂಡವೇ ಇದೆ, ಅದಕ್ಕೆ ಹೊಂದುವ ಲ್ಯಾಮಿನೇಟೆಡ್ ಗ್ಲಾಸನ್ನೇ ಕೇಳಿ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗ್ಲಾಸ್ ಅಂತೂ ಬೇಡವೇ ಬೇಡ. ಅದನ್ನು ಆಮೇಲೆ ಕತ್ತರಿಸಲು ಆಗೋದಿಲ್ಲ. ಕಲ್ಲು ಬಿದ್ದರೆ ಪೂರ್ತಿ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ, ಓಡುವಾಗ ಎದುರಿನ ದಾರಿಯೇ ಕಾಣದಂತೆ ಆಗುತ್ತದೆ. ಬಣ್ಣದ ಗ್ಲಾಸ್ ತೋರಿಸಿದರು, ಬೇಡ ಅಂದೆ. ಮುಂದಿನ ಗ್ಲಾಸಿನಲ್ಲಿ ಕನಿಷ್ಠ 70 ಶೇಕಡಾ ಬೆಳಕು ಹಾಯಬೇಕು ಅಂತ ನಿಯಮ ಇದೆ.

ಇನ್ನು ರಬ್ಬರ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬಂದದ್ದು ಇಲ್ಲೇ. ಮೊದಲ ಸಲ ಹಳೇದನ್ನೇ ತೊಳೆದು ಹಾಕಿದ್ದೆ. ಪರಿಚಯದ ಮಿಸ್ತ್ರಿ ಕಾಕಾ ಉಗುರಿನಿಂದ ಒತ್ತಿ ನೋಡಿ, "ಗ್ಲಾಸ್ ಬಿಡ್ರಿ, ಮೊದಲ ರಬ್ಬರ್ ನೋಡ್ರಿ. ಕಲ್ಲ ಆಗ್ಯದ" ಅಂದಿದ್ದರು. ನಾನು ಕೇಳಲಿಲ್ಲ. ಆ ರಬ್ಬರ್ ಮೂಲೆಯಲ್ಲಿ ಬಾಗಲೇ ಇಲ್ಲ, ಸೀಳಿತು. ಸೀಳಿದ ಜಾಗಕ್ಕೆ ಬಾತ್‌ರೂಮಿಗೆ ತಂದಿದ್ದ ಸಿಲಿಕೋನ್ ತುಂಬಿದೆ, ವಿನೆಗರ್ ವಾಸನೆ ಬರುತ್ತದಲ್ಲ, ಅದು. ಎರಡನೇ ಸಲ ಬಿಚ್ಚಿದಾಗ ಆ ಸಿಲಿಕೋನ್ ಇದ್ದಲ್ಲೆಲ್ಲಾ ಪತ್ರಾ ಕೆಂಪಗೆ ಪೊರೆ ಎದ್ದಿತ್ತು. ಅದರ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಕೆರೆದು, ಉಜ್ಜಿ, ರೆಡ್ ಆಕ್ಸೈಡ್ ಹೊಡೆಯಲು ಒಂದು ದಿನ ಪೂರ್ತಿ ಹೋಯಿತು. ಹೊಸ ರಬ್ಬರ್‌ಗೆ ಸಿಲಿಕೋನ್ ಬೇಕೇ ಆಗಲಿಲ್ಲ.

ಜಾರಿಸಲು ಮೊದಲ ಸಲ ಗ್ರೀಸ್ ಹಚ್ಚಿದ್ದೆ. ಕೂರಿಸುವಾಗ ಸಲೀಸು, ಆದರೆ ಹೋಗೋದೇ ಇಲ್ಲ. ಧೂಳು ಹಿಡಿಯುತ್ತದೆ, ರಬ್ಬರ್ ಉಬ್ಬುತ್ತದೆ. ಎರಡನೇ ಸಲ ಪಾತ್ರೆ ತೊಳೆಯುವ ಸೋಪಿನ ನೀರು. ಅದು ಒಣಗಿದ ಮೇಲೆ ರಬ್ಬರ್ ಬಿಗಿಯಾಗಿ ಕೂತಿತು. ಬಿಸಿಲಲ್ಲಿ ಮಾತ್ರ ಬೇಗ ಆರುತ್ತದೆ. ಬೆಳಗ್ಗೆ ಏಳರೊಳಗೆ ಕೆಲಸ ಶುರು ಮಾಡಿ.

ಹಗ್ಗದ ವಿಷಯ. ರಬ್ಬರ್‌ನ ಒಳತುಟಿಯ ಸಂದಿಯಲ್ಲಿ, ಅಂದರೆ ಪತ್ರಾ ಕೂರುವ ಸಂದಿಯಲ್ಲಿ, ಸುತ್ತಲೂ ಹಗ್ಗ ಹೂಡಿ, ಎರಡೂ ತುದಿ ಕೆಳಗಡೆ ನಡುವಿನಲ್ಲಿ ಒಂದು ಗೇಣು ಒಂದರ ಮೇಲೊಂದು ಬರುವಂತೆ ಬಿಡಬೇಕು. ಆಮೇಲೆ ಎಳೆದಂತೆಲ್ಲಾ ತುಟಿ ಪತ್ರಾದ ಮೇಲೆ ಏರುತ್ತದೆ. ಸುತಳಿ ಹಾಕಿದಾಗ ಮೂಲೆಯಲ್ಲಿ ಕಡಿಯಿತು. ನೈಲಾನ್ ಹಗ್ಗ ಗಟ್ಟಿ, ಆದರೆ ರಬ್ಬರನ್ನು ಕೊಯ್ಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕರೆಂಟ್ ವೈರ್ ಹಾಕಿದಾಗ ಬೆಣ್ಣೆಯಲ್ಲಿ ಎಳೆದಂತೆ ಬಂತು.

ಕೂರಿಸುವ ರೀತಿಯನ್ನೂ ಬದಲಿಸಿದೆ. ಮೊದಲ ಸಲ ಫ್ರೇಮ್ ಜೀಪಿನಲ್ಲೇ ಇತ್ತು. ತಮ್ಮ ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿದ್ದ, ನಾನು ಒಳಗೆ ಕೂತು ಎಳೆಯುತ್ತಿದ್ದೆ. ಅವನಿಗೆ ಕೈ ನೋವು, ನನಗೆ ಕುತ್ತಿಗೆ ನೋವು. ಎರಡನೇ ಸಲ ಬೋಲ್ಟ್ ಬಿಚ್ಚಿ ಫ್ರೇಮನ್ನೇ ಕೆಳಗಿಳಿಸಿದೆವು. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಅವ್ವನ ಕೌದಿ ಹಾಸಿ, ರಬ್ಬರ್ ತೊಡಿಸಿದ ಗ್ಲಾಸನ್ನು ಹೊರಮುಖ ಕೆಳಗಾಗುವಂತೆ ಮಲಗಿಸಿದೆವು. ಫ್ರೇಮನ್ನು ಮೇಲಿನಿಂದ ಇಟ್ಟು ತಮ್ಮ ಭಾರ ಹಾಕಿದ, ನಾನು ವೈರ್ ಎಳೆದೆ. ವೈರನ್ನು ಗ್ಲಾಸಿನ ನಡುವಿನ ಕಡೆಗೆ ಎಳೆಯಬೇಕು, ನೆಟ್ಟಗೆ ಮೇಲಕ್ಕಲ್ಲ. ಇಪ್ಪತ್ತೇ ನಿಮಿಷದಲ್ಲಿ ಸುತ್ತಲೂ ತುಟಿ ಏರಿತ್ತು. ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿಡಿ.

ತಮ್ಮನ ಕಾರು ಈಗಿನ ಕಾಲದ್ದು. ಅದಕ್ಕೂ ಕಳೆದ ವರ್ಷ ಕಲ್ಲು ಬಿತ್ತು. ಅದನ್ನು ಮನೆಯಲ್ಲಿ ಮಾಡಲು ನಾನೇ ಬಿಡಲಿಲ್ಲ. ಅಲ್ಲಿ ಗ್ಲಾಸ್ ಯುರಿಥೇನ್ ಅಂಟಿನ ಮೇಲೆ ನಿಂತಿರುತ್ತದೆ. ಗಾಡಿ ಪಲ್ಟಿಯಾದರೆ ಛಾವಣಿಗೆ ಆಸರೆ ಅದು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಷ್ಟೋ ಕಾರುಗಳಲ್ಲಿ ಅದೇ ಗ್ಲಾಸಿಗೆ ಒರಗಿ ಉಬ್ಬುತ್ತದೆ. ಅಂಟಿಗೆ ಮೊದಲು ಬಳಿಯುವ ಪ್ರೈಮರ್ ಒಂದು ಕಡೆ ತಪ್ಪಿದರೂ ಅಂಟು ಬಿಡಬಹುದು. ಅಂಗಡಿಗೆ ಕೊಟ್ಟೆವು. ಅಂಟು ಬಿಗಿಯುವವರೆಗೆ ಕಾರನ್ನು ಅಲ್ಲೇ ಬಿಟ್ಟು ಬಂದೆವು.

ಜೀಪಿಗೆ ಮಾತ್ರ ಇನ್ನೊಂದು ಸಲ ಹಾಕಬೇಕಾದರೂ ಹೊಸ ರಬ್ಬರ್, ಹೊಸದಾಗಿ ಕತ್ತರಿಸಿದ ಗ್ಲಾಸ್, ಸೋಪಿನ ನೀರು, ಕರೆಂಟ್ ವೈರ್. ದುಡ್ಡು ಸಾಲದೇ ಇದ್ದರೆ ಅಂಚು ಪೂರ್ತಿ ನೋಡಿ ಗುಜರಿ ಗ್ಲಾಸನ್ನಾದರೂ ತರುತ್ತೇನೆ, ಹಳೇ ರಬ್ಬರನ್ನು ಮುಟ್ಟೋದಿಲ್ಲ. ಫ್ರೇಮ್ ಏರಿಸಿದ ಸಂಜೆ ತಮ್ಮ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಟ್ಟ. ನಾನು ಒಳಗೆ ಕೂತು ಕೆಳಗಿನ ಸಂದಿಗೆ ಒಣ ಕಾಗದ ಹಿಡಿದಿದ್ದೆ. ಕಾಗದ ಒಣಗಿದಂತೆಯೇ ಇತ್ತು.