ಕೋಲಾರದ ಟೊಮೆಟೊ ಮಂಡಿಗೆ ನಿಯರ್‌ಬೈ ಕನೆಕ್ಷನ್ಸ್ ಆದೀತೇ?

ಹರಾಜಿನ ಹೊತ್ತಿಗೆ ಕೋಲಾರದ ಎಪಿಎಂಸಿಯಲ್ಲಿ ಮೊಬೈಲ್ ಡೇಟಾ ನೆಚ್ಚಿಕೊಂಡು ಕೂರುವಂತಿಲ್ಲ. ಲಾಟ್ ನಂಬರು, ಬಾಕ್ಸ್ ಲೆಕ್ಕ, ಕೂಗಿದ ದರ ಇಷ್ಟನ್ನು ಮೂರ್ನಾಲ್ಕು ಗುಮಾಸ್ತರ ಫೋನಿನಿಂದ ಮಂಡಿಯ ಟ್ಯಾಬಿಗೆ ಇಂಟರ್‌ನೆಟ್ ಇಲ್ಲದೆ ಮುಟ್ಟಿಸುವ ಆ್ಯಪ್ ಬರೆಯುವವರು ಆಂಡ್ರಾಯ್ಡಿನಲ್ಲಿ ಮೊದಲು ನೋಡಬೇಕಾದ್ದು ಗೂಗಲ್‌ನ ನಿಯರ್‌ಬೈ ಕನೆಕ್ಷನ್ಸ್ ಎಪಿಐ, ಅಂದರೆ ಹತ್ತಿರದ ಸಾಧನಗಳನ್ನು ನೇರವಾಗಿ ಜೋಡಿಸಲು ಆ್ಯಪ್ ಬಳಸಿಕೊಳ್ಳಬಹುದಾದ ಸಿದ್ಧ ಸೌಲಭ್ಯ. ಫೋನಿನಲ್ಲಿರುವ ಗೂಗಲ್ ಪ್ಲೇ ಸರ್ವೀಸಸ್ ಜೊತೆಗೇ ಬರುತ್ತದೆ, ಬ್ಲೂಟೂತ್, ಬಿಎಲ್ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್), ವೈಫೈ ಯಾವುದನ್ನು ಯಾವಾಗ ಬಳಸಬೇಕೆಂದು ತಾನೇ ನೋಡಿಕೊಳ್ಳುತ್ತದೆ, ಸಂಪರ್ಕ ಎನ್‌ಕ್ರಿಪ್ಟ್ ಆಗಿರುತ್ತದೆ.

ಜೋಡಣೆಯ ಬಗೆ ಮೂರು: ಕ್ಲಸ್ಟರ್, ಸ್ಟಾರ್, ಪಾಯಿಂಟ್ ಟು ಪಾಯಿಂಟ್. ಮಂಡಿಗೆ ಸ್ಟಾರ್ ಸಾಕು, ಅಂದರೆ ನಡುವೆ ಟ್ಯಾಬ್, ಸುತ್ತ ಅದಕ್ಕೆ ಮಾತ್ರ ಜೋಡಿಸಿಕೊಂಡ ಫೋನುಗಳು. ಕ್ಲಸ್ಟರ್‌ನಲ್ಲಿ ಎಲ್ಲರೂ ಎಲ್ಲರಿಗೂ ಸಿಗುತ್ತಾರೆ ಎಂದು ಆಸೆಪಟ್ಟರೆ ವೇಗ ಕುಸಿಯುತ್ತದೆ. ಟ್ಯಾಬ್ ಅಡ್ವರ್ಟೈಸ್ ಮಾಡಲಿ (ತಾನಿದ್ದೇನೆ ಎಂದು ಸಾರಲಿ), ಫೋನುಗಳು ಹುಡುಕಲಿ, ಎರಡೂ ಕಡೆ ಸರ್ವಿಸ್ ಐಡಿ, ಅಂದರೆ ಆ್ಯಪಿನ ಗುರುತಿನ ಹೆಸರು, ಒಂದೇ ಇರಲಿ. ಟ್ಯಾಬ್ ಕಂಡೊಡನೆ ಡಿಸ್ಕವರಿ (ಈ ಹುಡುಕಾಟ) ನಿಲ್ಲಿಸಿ, ಆಮೇಲೆ ಸಂಪರ್ಕ ಕೇಳಿ. ಹುಡುಕಾಟ ನಡೆಯುತ್ತಲೇ ಇದ್ದರೆ ರೇಡಿಯೋ ಅದರಲ್ಲೇ ಮುಳುಗಿ ಸಂಪರ್ಕ ಕಡಿಯಬಹುದು. 8007 ಅಥವಾ 8012 ಎಂಬ ದೋಷ ಬಂದಾಗ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಅನುಮತಿಗಳದ್ದು ದೊಡ್ಡ ರಗಳೆ. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಸ್ಕ್ಯಾನ್, ಅಡ್ವರ್ಟೈಸ್, ಕನೆಕ್ಟ್ ಮೂರೂ ಬೇಕು. 13ರಿಂದ ನಿಯರ್‌ಬೈ ವೈಫೈ ಡಿವೈಸಸ್. 12 ಮತ್ತು ಅದಕ್ಕಿಂತ ಹಳೆಯದಕ್ಕೆ ಲೊಕೇಶನ್. ಹಳೆಯ ಫೋನಿನಲ್ಲಿ ಅನುಮತಿ ಕೊಟ್ಟು ಲೊಕೇಶನ್ ಸ್ವಿಚ್ ಆರಿಸಿಟ್ಟರೆ ಯಾವ ಸಾಧನವೂ ಕಾಣದು. ಪರದೆ ಆರಿದ ಮೇಲೂ ಕೆಲಸ ಸಾಗಬೇಕಾದರೆ ಫೋರ್‌ಗ್ರೌಂಡ್ ಸರ್ವಿಸ್ (ನೋಟಿಫಿಕೇಶನ್ ತೋರಿಸುತ್ತ ಓಡುತ್ತಲೇ ಇರುವ ಕೆಲಸ) ಹಾಕಲೇಬೇಕು. 14ರಿಂದ ಅದರ ಬಗೆ ಕನೆಕ್ಟೆಡ್ ಡಿವೈಸ್ ಎಂದು ಆ್ಯಪಿನ ವಿವರದ ಫೈಲಾದ ಮ್ಯಾನಿಫೆಸ್ಟಿನಲ್ಲಿ ಬರೆಯಬೇಕು.

ಲಾಟಿನ ಸಾಲನ್ನು ಬೈಟ್ಸ್ ಪೇಲೋಡ್ (ಚಿಕ್ಕ ಡೇಟಾ ಸಂದೇಶ) ಆಗಿಯೇ ಕಳಿಸಿ. ಚೀಟಿಯ ಫೋಟೋ ಬೇಕಾದರೆ ಫೈಲ್ ಪೇಲೋಡ್. ಅದರೊಂದಿಗೆ ಫೈಲಿನ ಹೆಸರು ತಾನಾಗಿ ಹೋಗುವುದಿಲ್ಲ, ಪೇಲೋಡ್ ಐಡಿ ಮತ್ತು ಹೆಸರನ್ನು ಬೇರೊಂದು ಬೈಟ್ಸ್ ಸಂದೇಶದಲ್ಲಿ ಕಳಿಸಬೇಕು.

ಈ ಎಪಿಐ ಸಾಗಿಸುತ್ತದೆ ಅಷ್ಟೇ, ಲೆಕ್ಕ ಕಾಯುವುದಿಲ್ಲ. 'ಸಕ್ಸೆಸ್' ಎಂದರೆ ಪೇಲೋಡ್ ದಾಟಿತು ಎಂದರ್ಥ, ಟ್ಯಾಬಿನ ಡೇಟಾಬೇಸಿಗೆ ಬಿತ್ತು ಎಂದಲ್ಲ. ಪ್ರತಿ ಸಾಲಿಗೂ ಫೋನೇ ಒಂದು ಐಡಿ ಕೊಡಲಿ. ಟ್ಯಾಬ್ ಬರೆದುಕೊಂಡು ಆ ಐಡಿಯನ್ನು ವಾಪಸ್ ಕಳಿಸುವವರೆಗೆ ಫೋನಿನಲ್ಲಿ ಸಾಲು ಬಾಕಿ ಎಂದೇ ಇರಲಿ. ಅದೇ ಐಡಿ ಮತ್ತೆ ಬಂದರೆ ಟ್ಯಾಬ್ ಎರಡನೇ ಸಲ ಬರೆಯಬಾರದು, ಇಲ್ಲವಾದರೆ ರೈತನ ಐವತ್ತು ಬಾಕ್ಸ್ ನೂರಾಗುತ್ತದೆ. ಎಪಿಐ ಪ್ರತಿ ಸಾಧನಕ್ಕೆ ಕೊಡುವ ಎಂಡ್‌ಪಾಯಿಂಟ್ ಐಡಿಯನ್ನು ಗುಮಾಸ್ತನ ಗುರುತಾಗಿ ಬಳಸಬೇಡಿ, ಅದು ಬದಲಾಗುತ್ತದೆ.

ದೂರದ ಲೆಕ್ಕ ಬಯಲಿನಲ್ಲಿ ಒಂದು, ಮಂಡಿಯಲ್ಲಿ ಇನ್ನೊಂದು. ಟೊಮೆಟೊ ಬಹುಪಾಲು ನೀರು, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರುತ್ತದೆ, ಜನರ ಮೈಯೂ ಅಷ್ಟೇ. 15 ಕಿಲೋ ಬಾಕ್ಸುಗಳ ಗೋಡೆಯ ಹಿಂದೆ ಟ್ಯಾಬ್ ಇಟ್ಟರೆ ಸಂಪರ್ಕ ಕಡಿಯುವ ಸಂಭವ ಹೆಚ್ಚು. ತಲೆಗಿಂತ ಎತ್ತರದಲ್ಲಿ ತೂಗುಹಾಕಿ.

ಗುಮಾಸ್ತರಲ್ಲಿ ಒಬ್ಬನ ಕೈಯಲ್ಲಿ ಐಫೋನ್ ಇದ್ದರೂ ನಿಯರ್‌ಬೈ ಕನೆಕ್ಷನ್ಸ್ ಬಿಡುವುದೇ ಒಳ್ಳೆಯದು. ಇಂಟರ್‌ನೆಟ್ ಇಲ್ಲದ ಸಾದಾ ರೂಟರ್ ಒಂದನ್ನು ಮಂಡಿಯಲ್ಲಿಟ್ಟು, ಟ್ಯಾಬಿನಲ್ಲಿ ಪುಟ್ಟ ಸರ್ವರ್ ಓಡಿಸಿದರೆ ಎಲ್ಲ ಫೋನಿಗೂ ನಡೆಯುತ್ತದೆ.