ಸ್ಟೆಮ್ ಸೆಲ್ ಕ್ಲಿನಿಕ್‌ನ ಫೋನ್ ಸಲಹೆ: ಒಂದು ಸ್ಟಾರ್, ಅದೂ ಜಾಸ್ತಿಯೇ

ನಮ್ಮ ಮಗಳು 26 ವಾರಕ್ಕೇ ಹುಟ್ಟಿದವಳು. ಐದು ವಾರ ವೆಂಟಿಲೇಟರ್ ಮೇಲಿದ್ದಳು. ಈಗ ಏಳು ತಿಂಗಳಾದರೂ ಮೂಗಿನ ಆಕ್ಸಿಜನ್ ನಳಿಕೆ ಹೋಗಿಲ್ಲ, ಟೇಪ್ ಅಂಟಿಸಿ ಕಿತ್ತು ಎರಡೂ ಕೆನ್ನೆ ಕೆಂಪಾಗಿವೆ. ಶ್ವಾಸಕೋಶ ಬಲಿಯುವ ಮೊದಲೇ ಹುಟ್ಟಿದ ಮಕ್ಕಳಿಗೆ ಬರುವ ತೊಂದರೆ ಇದು, ಡಾಕ್ಟರು ಬಿಪಿಡಿ ಅನ್ನುತ್ತಾರೆ. ರಾತ್ರಿಯಿಡೀ ಅವಳ ಪಾದಕ್ಕೆ ಕಟ್ಟಿದ ಮೆಷಿನ್‌ನ ನಂಬರ್ ನೋಡುತ್ತಾ ಕೂತವಳಿಗೆ ಫೋನಿನಲ್ಲಿ ‘ಸ್ಟೆಮ್ ಸೆಲ್‌ನಿಂದ (ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಹೊಸ ಶ್ವಾಸಕೋಶ’ ಅಂತ ಜಾಹೀರಾತು ಕಂಡರೆ ಸುಮ್ನೆ ಇರೋಕಾಗುತ್ತಾ? ಕರೆ ಮಾಡಿಯೇಬಿಟ್ಟೆ.

ತಕ್ಷಣ ಫೋನ್ ತೆಗೆದರು, ಮಾತೂ ನಯವಾಗಿತ್ತು. ಆ ಒಂದು ಸ್ಟಾರ್ ಅದಕ್ಕೇ. ಮಗು ಎಷ್ಟು ವಾರಕ್ಕೆ ಹುಟ್ಟಿತು, ಆಕ್ಸಿಜನ್ ಎಷ್ಟಿದೆ, ಒಂದನ್ನೂ ಕೇಳಲಿಲ್ಲ. ಮೂರು ಡ್ರಿಪ್ ಹಾಕ್ತೀವಿ, ಅಡ್ವಾನ್ಸ್ ಯಾವಾಗ ಕಟ್ಟುತ್ತೀರಿ ಮೇಡಂ, ಅಷ್ಟೇ.

ಮಗಳನ್ನು ನೋಡುವ ಡಾಕ್ಟರ ಹತ್ತಿರ ಹೇಳಿದಾಗ ಅವರು ಬೈಯಲಿಲ್ಲ, ಕೂರಿಸಿಕೊಂಡು ಬಿಡಿಸಿ ಹೇಳಿದರು. ದಕ್ಷಿಣ ಕೊರಿಯಾದಲ್ಲಿ ಇದನ್ನು ಪರೀಕ್ಷಿಸಿದ್ದಾರೆ, 2014ರಲ್ಲಿ ಬಂದ ಮೊದಲ ವರದಿಯಲ್ಲಿ ಇದ್ದದ್ದು 9 ಮಕ್ಕಳು. ದಾನವಾಗಿ ಬಂದ ಹೊಕ್ಕುಳಬಳ್ಳಿ ರಕ್ತದಿಂದ ಬೆಳೆಸಿದ ಈ ಸ್ಟೆಮ್ ಸೆಲ್ ಜೀವಕೋಶಗಳನ್ನು ಉಸಿರಿನ ಟ್ಯೂಬ್ ಮೂಲಕ ನೇರ ಶ್ವಾಸಕೋಶಕ್ಕೆ ಬಿಟ್ಟಿದ್ದರು, ಅದೂ ಒಂದೇ ಸಲ, ಮಗು ಹುಟ್ಟಿದ ಮೊದಲ ಎರಡು ವಾರದೊಳಗೆ. ಅಪಾಯವಿಲ್ಲವೇ ಅಂತ ನೋಡೋದೇ ಆಗ ಮುಖ್ಯವಾಗಿತ್ತು. ಆಮೇಲೆ 66 ಮಕ್ಕಳ ಮೇಲೆ ನಡೆದದ್ದರ ಫಲಿತಾಂಶ 2021ರಲ್ಲಿ ಬಂತು. ಸಾವು ಮತ್ತು ಮಧ್ಯಮ ಇಲ್ಲವೇ ಜೋರಾದ ಬಿಪಿಡಿ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಜೀವಕೋಶ ಕೊಟ್ಟ ಮಕ್ಕಳಿಗೂ ಕೊಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 23–24 ವಾರಕ್ಕೇ ಹುಟ್ಟಿದವರಲ್ಲಿ ಮಾತ್ರ ಸ್ವಲ್ಪ ಆಸೆ ಹುಟ್ಟಿಸುವಂತಿತ್ತು. ಇನ್ನೊಂದು ವಿಷಯ ಕೇಳಿ ನನಗೇ ಆಶ್ಚರ್ಯ: ಈ ಜೀವಕೋಶಗಳು ಹೊಸ ಶ್ವಾಸಕೋಶ ಆಗೋದೇ ಇಲ್ಲವಂತೆ! ಉರಿಯೂತ ಇಳಿಸುವ, ಬೆಳವಣಿಗೆಗೆ ನೆರವಾಗುವ ಅಂಶಗಳನ್ನು ಬಿಟ್ಟು ಅವು ಬೇಗ ಮಾಯವಾಗುತ್ತವೆ.

ಮತ್ತೆ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ, ಅಲ್ಲಿ ಟ್ಯೂಬ್‌ನಲ್ಲಿ ಬಿಟ್ಟಿದ್ದು ಎಳೆಗೂಸಿಗೆ, ನೀವು ಏಳು ತಿಂಗಳ ಮಗುವಿನ ರಕ್ತನಾಳಕ್ಕೆ ಯಾಕೆ ಹಾಕುತ್ತೀರಿ? "ಎಲ್ಲಾ ಒಂದೇ ಮೇಡಂ." ರೋಗಿಗಳ ಮೇಲೆ ಪ್ರಯೋಗ ಮಾಡೋದು ಸರಿಯೇ ಅಂತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ತೋರಿಸಿ ಅಂದೆ. ಲೈನ್ ಕಟ್ ಆಯಿತು.

ಈ ಚಿಕಿತ್ಸೆಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಸಂಶೋಧನೆ ನಡೀಬೇಕು, ನಾಳೆ ಯಾವುದೋ ಮಗುವಿಗೆ ಇದು ಬೇಕಾಗಬಹುದು. ಆದರೆ ಪರೀಕ್ಷೆಯೇ ಮುಗಿಯದ್ದನ್ನು ಪ್ಯಾಕೇಜ್ ಮಾಡಿ ಮಾರೋದು ಬೇರೆ ಅಲ್ವಾ? ಅವರ ಮೆಸೇಜ್ ಇನ್ನೂ ಬರುತ್ತಿವೆ. ಇವತ್ತೇ ಬುಕ್ ಮಾಡಿದರೆ ಮೂರನೇ ಡ್ರಿಪ್‌ಗೆ ರಿಯಾಯಿತಿಯಂತೆ.