ಬಳ್ಳಾರಿ ಜಾಲಿಯ ದಾರಿಯಲ್ಲಿ ಒಂದೂವರೆ ವರ್ಷ: ಪಂಕ್ಚರ್ ದ್ರವದ ಅನುಭವ

ಮುಳಗುಂದದ ಆಚೆ ನಮ್ಮ ಕಡಲೆ ಹೊಲ. ಡಾಂಬರು ರಸ್ತೆ ಮುಗಿದ ಮೇಲೆ ಎರೆಮಣ್ಣಿನ ಬಂಡಿದಾರಿ, ಎರಡೂ ಬದಿಗೆ ಬಳ್ಳಾರಿ ಜಾಲಿ. ಯಾರಾದರೂ ಬೇಲಿ ಸವರಿದರೆ ಆ ವಾರ ನನ್ನ ಬೈಕಿಗೆ ಎರಡು ಪಂಕ್ಚರ್ ಖಚಿತ. ಆಮೇಲೆ ಊರಿನ ಅಂಗಡಿಯವರೆಗೆ ನಾಲ್ಕು ಕಿಲೋಮೀಟರ್ ತಳ್ಳುವ ಕೆಲಸ. ಬೇಸತ್ತು, ಒಂದೂವರೆ ವರ್ಷದ ಹಿಂದೆ ಹಿಂಗಾರಿ ಬಿತ್ತನೆಗೆ ಮುಂಚೆ, ಎರಡೂ ಟ್ಯೂಬಿಗೆ, ಮುಳ್ಳಿನ ತೂತನ್ನು ಒಳಗಿನಿಂದಲೇ ಮುಚ್ಚುವ ಈ ಹಸಿರು ದ್ರವ ಹಾಕಿಸಿದೆ. ಬಾಟಲಿಗೆ 350 ರೂಪಾಯಿ. ಒಂದು ಪಂಕ್ಚರಿಗೆ ನೂರರ ಹತ್ತಿರ ಕೊಡುತ್ತಿದ್ದವನಿಗೆ ಅದು ಹೆಚ್ಚೆನಿಸಲಿಲ್ಲ.

ಮೊದಲ ಪರೀಕ್ಷೆ ನಮ್ಮ ಅಂಗಳದಲ್ಲೇ ಆಯಿತು. ಸಂಜೆ ಬೈಕನ್ನು ನಡುಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ತಿರುಗಿಸುತ್ತಾ ನೋಡಿದರೆ ಏಳು ಮುಳ್ಳು. ಒಂದನ್ನು ಇಕ್ಕಳದಲ್ಲಿ ಕಿತ್ತೆ. ಬುಸ್ಸೆಂದು ಗಾಳಿ, ಹಿಂದೆಯೇ ಹೆಸರುಕಾಳಿನಷ್ಟು ಹಸಿರು ಹನಿ. ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಎಣಿಸುತ್ತಾ ನಿಂತೆ. ಹತ್ತಕ್ಕೆ ಬರುವಷ್ಟರಲ್ಲಿ ಸದ್ದು ನಿಂತಿತ್ತು. ಹೊರಗೆ ನುಗ್ಗುವ ಗಾಳಿಯೇ ದ್ರವದೊಳಗಿನ ಸಣ್ಣ ನಾರುಗಳನ್ನು ತೂತಿಗೆ ಎಳೆದೊಯ್ದು ಬಿರಡೆ ಹಾಕುತ್ತದೆ. ಏಳನ್ನೂ ಕಿತ್ತು, ಅರ್ಧ ಕಿಲೋಮೀಟರ್ ಓಡಿಸಿ, ಕೈಪಂಪಿನಿಂದ ಗಾಳಿ ತುಂಬಿದೆ. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ. ಕಡಲೆ ರಾಶಿ ಮುಗಿಯುವವರೆಗೆ ಒಮ್ಮೆಯೂ ಬೈಕ್ ತಳ್ಳಲಿಲ್ಲ.

ಸಿಟ್ಟು ಬಂದದ್ದು ಬೇಸಿಗೆಯಲ್ಲಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿ ಮನೆಗೆ ಬಂದರೆ ಬೆಳಿಗ್ಗೆಗೆ ಟೈರ್ ನೆಲಕ್ಕೆ ಅಂಟಿತ್ತು. ಮುಳ್ಳಿಲ್ಲ, ಮೊಳೆಯಿಲ್ಲ. ವಾಲ್ವ್ ಪಿನ್ ಬಿಚ್ಚಿದರೆ ಅದರ ಸುತ್ತ ಹಸಿರು ಗೋಂದು ಒಣಗಿ ಕೂತಿದೆ, ಪಿನ್ ಪೂರ್ತಿ ಮುಚ್ಚುತ್ತಲೇ ಇಲ್ಲ. ಅಂಗಡಿಯ ಹುಡುಗ ನೋಡಿದೊಡನೆ ಹೇಳಿದ: "ಕಾಕಾ, ವಾಲ್ವ್ ಕೆಳಗಿದ್ದಾಗ ಗಾಳಿ ನೋಡಬೇಡಿ. ದ್ರವವೆಲ್ಲ ಅಲ್ಲೇ ಇಳಿದಿರುತ್ತದೆ." ಈ ಒಂದು ಸಾಲನ್ನು ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚುಹಾಕಿಸಲು ಏನು ಕಷ್ಟವಿತ್ತು?

ಈಗ ಪ್ರತಿ ಸೋಮವಾರ ಚಹಾ ಕುಡಿಯುವ ಮುಂಚೆ ಚಕ್ರ ತಿರುಗಿಸಿ ವಾಲ್ವನ್ನು ಮೇಲಕ್ಕೆ ತರುತ್ತೇನೆ. ಐದು ನಿಮಿಷ ಹಾಗೇ ಬಿಡುತ್ತೇನೆ, ದ್ರವ ಕೆಳಗಿಳಿಯಲಿ ಎಂದು. ಆಮೇಲೆ ಗಾಳಿ ನೋಡಿ, ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕುತ್ತೇನೆ. ಅಂದಿನಿಂದ ಪಿನ್ ಕೈಕೊಟ್ಟಿಲ್ಲ. ಜೊತೆಗೆ ಹೊಸ ಮುಳ್ಳುಗಳೂ ಆಗಲೇ ಕಣ್ಣಿಗೆ ಬೀಳುತ್ತವೆ.

ಟೈರಿನ ಪಕ್ಕ ಸೀಳಿದರೆ ಮಾತ್ರ ಇದರಿಂದ ಏನೂ ಆಗದು. ಒಮ್ಮೆ ತಗಡಿನ ಚೂರು ಕೊಯ್ದಾಗ ದ್ರವವೆಲ್ಲ ಚೈನಿಗೂ ಪ್ಯಾಂಟಿಗೂ ಸಿಡಿಯಿತು, ಟ್ಯೂಬ್ ಬದಲಿಸಬೇಕಾಯಿತು. ಒದ್ದೆ ಟ್ಯೂಬಿಗೆ ಪ್ಯಾಚ್ ಹಿಡಿಯುವುದೂ ಕಷ್ಟ, ತೊಳೆದು ಒಣಗಿಸಿಯೇ ಹಚ್ಚಬೇಕು.

ಹುಬ್ಬಳ್ಳಿ ಪೇಟೆಯೊಳಗೆ ಓಡಾಡುವವರಿಗೆ ಇದು ಬೇಕಿಲ್ಲ, ಓಣಿಗೊಂದು ಪಂಕ್ಚರ್ ಅಂಗಡಿ ಇದೆ. ಹೊಲದ ದಾರಿಯವರು ಹಾಕಿಸಿರಿ. ನಾನು ಈ ಸಲ ಹಿಂದಿನ ಚಕ್ರಕ್ಕೆ ಮಾತ್ರ ಹಾಕಿಸಿದ್ದೇನೆ. ಡಿಕ್ಕಿಯಲ್ಲಿ ಎರಡು ಹೊಸ ವಾಲ್ವ್ ಪಿನ್ನುಗಳಿವೆ.